ಒಂದೇ ದಿಕ್ಕಿನ ಕಾವಲು

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಪಕ್ಕದಲ್ಲಿ ಕುರುಚಲು ಕಾಡೊಂದುಂಟು; ೨೦೧೯ರಲ್ಲಿ ಅದು ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಇಂಥ ಕಾಡಂಚಿನ ಹೊಲದಲ್ಲಿ ಕಡಲೆಕಾಯಿ ಬಲಿಯುವ ಕಾಲಕ್ಕೆ ರಾತ್ರಿಯ ಕಾವಲು ತಪ್ಪಿದ್ದಲ್ಲ. ಹಂದಿ ಬರುವುದು ಕಾಡಿನ ಕಡೆಯಿಂದ. ಆದುದರಿಂದ ಕಾವಲುಗಾರನ ಕಣ್ಣು ಕಿವಿಗಳೆರಡೂ ಆ ಕಡೆಗೇ ನೆಟ್ಟಿರುತ್ತವೆ. ಬೆಳಗಾಗುವ ಹೊತ್ತಿಗೆ ಊರ ಕಡೆಯ ಬದುವಿನಿಂದ ಇಳಿದ ದನ ಅರ್ಧ ಹೊಲವನ್ನು ಮೇದು ಹೋಗಿರುವುದೂ ಉಂಟು. ಕಾವಲುಗಾರನು ನಿದ್ರಿಸಿದನೆನ್ನಲಾಗದು. ಎಚ್ಚರವಾಗಿಯೇ ಇದ್ದನು, ಆದರೆ ಒಂದೇ ದಿಕ್ಕಿಗೆ.

ದೀರ್ಘಕಾಲಿಕ ರಕ್ತ ಕ್ಯಾನ್ಸರಿನೊಡನೆ ಬಾಳುವವರ ಸ್ಥಿತಿ ಈ ಹೊಲದ್ದೇ. ರಕ್ತಕ್ಕೆ ಸಂಬಂಧವಿಲ್ಲದ ಬೇರೆಯೇ ಒಂದು ಕ್ಯಾನ್ಸರು ಅವರಿಗೆ ಬರಬಹುದೆಂಬುದು ವೈದ್ಯರಿಗೆ ತಿಳಿದ ಸಂಗತಿ. ರೋಗಿಯ ಮನೆಯವರಿಗೆ ಮಾತ್ರ ಅದು ಹೊಳೆಯುವುದೇ ಇಲ್ಲ. ಒಬ್ಬ ಮನುಷ್ಯನಿಗೆ ಒಂದು ದೊಡ್ಡ ರೋಗ ಸಾಲದೆ, ವಿಧಿ ಇನ್ನೊಂದನ್ನು ಕೊಟ್ಟೀತೆ, ಎಂಬುದು ನಮ್ಮ ನಂಬಿಕೆ. ಶರೀರಕ್ಕೆ ಇಂಥ ನ್ಯಾಯದ ಲೆಕ್ಕ ತಿಳಿಯದು.

ಈ ರೋಗವನ್ನು ೧೮೪೫ರಲ್ಲಿ ಎಡಿನ್‌ಬರೋದ ಬೆನೆಟ್, ಬರ್ಲಿನ್ನಿನ ವಿರ್ಕೋ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ವರ್ಣಿಸಿದರು. ಎರಡು ವರ್ಷಗಳ ಅನಂತರ ವಿರ್ಕೋ ‘ಬಿಳಿಯ ರಕ್ತ’ವೆಂಬ ಅರ್ಥದ ಗ್ರೀಕ್ ಮಾತುಗಳಿಂದ ಲ್ಯುಕೇಮಿಯ ಎಂಬ ಹೆಸರನ್ನು ಕಟ್ಟಿದನು. ಅದರ ತೀವ್ರವಾದ ಬಗೆ ವಾರಗಳಲ್ಲಿ ಮನುಷ್ಯನನ್ನು ಕೆಡವಬಲ್ಲುದು. ದೀರ್ಘಕಾಲಿಕವಾದ ಬಗೆ ವರ್ಷಗಟ್ಟಲೆ ಜತೆಯಲ್ಲಿರುತ್ತದೆ. ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಸಾಯಬೇಕಾದ ಕಾಲಕ್ಕೆ ಸಾಯದೆ ರಕ್ತದಲ್ಲಿ, ಮಜ್ಜೆಯಲ್ಲಿ, ಕತ್ತು ಕಂಕುಳುಗಳ ಗ್ರಂಥಿಗಳಲ್ಲಿ ಗುಂಪುಗೂಡುವುದು ಇದರಲ್ಲೊಂದು ವಿಧ. ಜೋಧಪುರದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವೈದ್ಯರಾದ ಕಾಂತಿ ರಾಯ್ ೧೯೭೫ರಲ್ಲಿ ಇದರ ಮೆಟ್ಟಿಲುಗಳನ್ನು ಗುರುತಿಸಿಕೊಟ್ಟರು. ಮೊದಲ ಮೆಟ್ಟಿಲಿನಲ್ಲಿರುವವರಿಗೆ ಸಾಮಾನ್ಯವಾಗಿ ಔಷಧವಿಲ್ಲ. ಕಾದು ನೋಡುವುದೇ ಕ್ರಮ. ಸಾಹಿತ್ಯ ವಿಮರ್ಶಕ ಎಡ್ವರ್ಡ್ ಸೈದ್ ಇದೇ ವೈದ್ಯರ ರೋಗಿಯಾಗಿದ್ದರು. ೧೯೯೧ರಲ್ಲಿ ರೋಗ ತಿಳಿದ ಮೇಲೆ ಅವರು ಹನ್ನೆರಡು ವರ್ಷ ಬಾಳಿದರು. ೧೯೯೯ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಪತ್ನಿಗೂ ಈ ವೈದ್ಯರಿಗೂ ಅರ್ಪಿಸಿದರು. ರೋಗದೊಡನೆ ಬಾಳುವುದೂ ಬಾಳುವೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ವಿಧ, ಮೈಲಾಯ್ಡ್ ಕಣಗಳದು. ಅದಕ್ಕೆ ೨೦೦೧ರಲ್ಲಿ ಇಮ್ಯಾಟಿನಿಬ್ ಎಂಬ ಗುಳಿಗೆ ಬಂದಿತು. ಆ ಗುಳಿಗೆಯ ಒಂದು ರೂಪಕ್ಕೆ ಸಂಸ್ಥೆಯೊಂದು ಕೇಳಿದ ಏಕಸ್ವಾಮ್ಯದ ಹಕ್ಕನ್ನು ೨೦೧೩ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಹೀಗೆ ಗುಳಿಗೆ ನುಂಗಿಕೊಂಡು ಎಷ್ಟೋ ಮಂದಿ ಮುಪ್ಪಿನವರೆಗೂ ಬಾಳುವಂತಾಯಿತು.

ಬಾಳು ದೀರ್ಘವಾದುದೇ ಎರಡನೆಯ ರೋಗಕ್ಕೆ ಮೊದಲ ಅವಕಾಶ. ವಯಸ್ಸಾದಂತೆ ಯಾರಿಗಾದರೂ ಕ್ಯಾನ್ಸರಿನ ಸಂಭವ ಏರುತ್ತದೆ. ಲಿಂಫೋಸೈಟುಗಳ ರೋಗದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಕೆಟ್ಟ ಕಣಗಳನ್ನು ಪತ್ತೆಹಚ್ಚಿ ಕೊಲ್ಲಬೇಕಾದ ಕಾವಲುಪಡೆಯೇ ಇಲ್ಲಿ ರೋಗಗ್ರಸ್ತ. ಸಂಖ್ಯೆಯಲ್ಲಿ ಹೆಚ್ಚು, ಕೆಲಸದಲ್ಲಿ ಕಡಮೆ. ಹಳೆಯ ಕೆಲವು ಔಷಧಗಳೂ ಮಜ್ಜೆಯನ್ನು ಕೆಡಿಸಿ ಬೇರೊಂದು ರಕ್ತ ಕ್ಯಾನ್ಸರಿಗೆ ದಾರಿಮಾಡುವುದುಂಟು. ಮೊದಲ ರೋಗವೇ ರೂಪ ಬದಲಿಸಿ ಉಗ್ರವಾಗುವುದೂ ಉಂಟು. ೧೯೨೮ರಲ್ಲಿ ರಿಕ್ಟರ್ ಎಂಬುವನು ಅದನ್ನು ವರ್ಣಿಸಿದ್ದಾನೆ. ಅದು ಹಳೆಯ ರೋಗದ ಹೊಸ ವೇಷ. ನಾವು ಹೇಳುತ್ತಿರುವುದು ಪೂರಾ ಹೊಸಬನ ವಿಚಾರ.

ಪಶ್ಚಿಮದ ಬಿಳಿಯ ಜನರಲ್ಲಿ ಈ ಹೊಸಬ ಮುಖ್ಯವಾಗಿ ಚರ್ಮದಲ್ಲಿ ಕಾಣಿಸಿಕೊಳ್ಳುತ್ತಾನೆ. ಆದುದರಿಂದ ಅಲ್ಲಿ ಇಂಥ ರೋಗಿಗಳ ಚರ್ಮವನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆನ್ನುತ್ತಾರೆ. ನಮ್ಮ ಚರ್ಮದ ಕಪ್ಪು ಬಣ್ಣ ನಮಗೆ ಆ ಮಟ್ಟಿಗೆ ಕೊಡೆ ಹಿಡಿದಿದೆ. ಆದರೆ ಭಾರತದ ಗಂಡಸರಲ್ಲಿ ಅತಿ ಸಾಮಾನ್ಯವಾದುದು ಬಾಯಿಯ ಕ್ಯಾನ್ಸರು. ಹೊಗೆಸೊಪ್ಪು ಸರಿಯೇ ಸರಿ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರುಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆಯ ೨೦೦೪ರ ವರದಿ ಸಾರಿತು. ಅಡಿಕೆ ಬೆಳೆಯುವ, ಎಲೆ ಮಡಿಸಿ ಕೊಡುವುದೇ ಮರ್ಯಾದೆಯಾದ ಸೀಮೆ ನಮ್ಮದು. ಅಲ್ಲಿ ಚರ್ಮ ನೋಡಿದರೆ ಇಲ್ಲಿ ಬಾಯಿ ನೋಡಬೇಕು.

ಬುಕ್ಕಾಪಟ್ಟಣದ ಕಡೆಯ ಒಬ್ಬ ವೃದ್ಧ ರೈತನನ್ನು ಕಲ್ಪಿಸಿಕೊಳ್ಳೋಣ. ಐದು ವರ್ಷದಿಂದ ರಕ್ತದ ರೋಗ. ಆರು ತಿಂಗಳಿಗೊಮ್ಮೆ ಶಿರಾ, ತುಮಕೂರು ದಾಟಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುತ್ತಾನೆ. ಬಿಳಿಯ ಕಣಗಳ ಲೆಕ್ಕ ಏರಿಲ್ಲವೆಂದರೆ ಮನೆಯಲ್ಲಿ ಸಮಾಧಾನ. ಕೆನ್ನೆಯ ಒಳಗೆ ತಿಂಗಳಿಂದ ಒಂದು ಹುಣ್ಣಿದೆ. ನೋವಿಲ್ಲದ್ದರಿಂದ ಯಾರಿಗೂ ಹೇಳಿಲ್ಲ. ಸೊಸೆ ಕಂಡು ಕೇಳಿದರೆ, “ಅದು ಆ ರೋಗದ್ದೇ” ಎನ್ನುತ್ತಾನೆ. ಕತ್ತಿನಲ್ಲಿ ಗಂಟು ದಪ್ಪವಾಯಿತು. ಅದೂ ಆ ರೋಗದ್ದೇ. ತೂಕ ಇಳಿಯಿತು; ಅದೂ. ಹಳೆಯ ರೋಗ ಎಲ್ಲ ಪ್ರಶ್ನೆಗಳಿಗೂ ಸಿದ್ಧ ಉತ್ತರವಾಗಿ ಕುಳಿತಿದೆ. ರಕ್ತದ ಲೆಕ್ಕವು ರಕ್ತದ ಮಾತನ್ನು ಹೇಳೀತು. ಬಾಯಿಯ ಮಾತನ್ನು ಹೇಳಲಾರದು.

ವೈದ್ಯರಿಗೂ ಇದು ಸುಲಭದ ಸಂಗತಿಯಲ್ಲ. ಕತ್ತಿನ ಗ್ರಂಥಿ ಊದಿದ್ದು ಲ್ಯುಕೇಮಿಯದಿಂದಲೋ, ಬಾಯಿಯ ಕ್ಯಾನ್ಸರು ಹರಡಿದ್ದರಿಂದಲೋ? ಮುಟ್ಟಿ ಹೇಳುವಂತಿಲ್ಲ, ಸೂಜಿಯಿಂದ ತೆಗೆದೋ ಕತ್ತರಿಸಿಯೋ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದೇ ಗ್ರಂಥಿಯಲ್ಲಿ ಎರಡೂ ರೋಗಗಳು ಅಕ್ಕಪಕ್ಕ ವಾಸವಾಗಿರುವುದನ್ನು ಕಂಡವರಿದ್ದಾರೆ. ಆಮೇಲೆ ಚಿಕಿತ್ಸೆಯ ತೊಡಕು: ರಕ್ತದ ರೋಗಕ್ಕೆ ಕೊಡುವ ಇಬ್ರೂಟಿನಿಬ್ ಎಂಬ ಗುಳಿಗೆ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಶಸ್ತ್ರಕ್ರಿಯೆಗೆ ಕೆಲವು ದಿನ ಮೊದಲೇ ಅದನ್ನು ನಿಲ್ಲಿಸಬೇಕಾಗುತ್ತದೆ, ಗಂಟಿಗೆ ಕೊಡುವ ಮದ್ದು ಮೊದಲೇ ಸೊರಗಿದ ರಕ್ತವನ್ನು ಇನ್ನಷ್ಟು ಸೊರಗಿಸೀತು. ರಕ್ತದ ವೈದ್ಯನೂ ಶಸ್ತ್ರವೈದ್ಯನೂ ಕೂಡಿ ಕುಳಿತು ಮಾತನಾಡುವುದು ಇಲ್ಲಿ ಅಗತ್ಯ. ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಎಲ್ಲ ವಿಭಾಗಗಳೂ ಒಂದೇ ಆವರಣದಲ್ಲಿರುವುದರ ಪ್ರಯೋಜನ ಇದು.

ಇದೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಹಟ್ಟಿಯ ಜಗುಲಿಯ ಮೇಲೆ ಹುಟ್ಟುತ್ತದೆ. “ಹೇಗೂ ಒಂದಿದೆಯಲ್ಲ, ಇನ್ನೊಂದಕ್ಕೆ ಯಾಕೆ ಖರ್ಚು?” ಕೇಳುವವರು ಕಟುಕರಲ್ಲ, ಸೋತವರು. ಆದರೆ ಪ್ರಶ್ನೆ ತಪ್ಪು. ನಿಧಾನದ ಲ್ಯುಕೇಮಿಯ ಇನ್ನೂ ಹತ್ತು ವರ್ಷ ಸುಮ್ಮನಿರಬಹುದು. ಬಾಯಿಯ ಹುಣ್ಣು ಸುಮ್ಮನಿರುವುದಿಲ್ಲ. ಚಿಕ್ಕದಿದ್ದಾಗ ಕತ್ತರಿಸಿದರೆ ಅದು ಗುಣವಾಗುವ ರೋಗ. ಗುಣವಾಗದೆ ಜತೆಗಿರುವ ಮೊದಲನೆಯದರ ಹೆಸರಿನಲ್ಲಿ, ಗುಣವಾಗಬಲ್ಲ ಎರಡನೆಯದಕ್ಕೆ ಮನುಷ್ಯನನ್ನು ಒಪ್ಪಿಸುವುದು ಯಾವ ಲೆಕ್ಕ?

ಮಾಡಬೇಕಾದುದು ಹೆಚ್ಚೇನಲ್ಲ. ಎಲೆಯಡಿಕೆ, ಬೀಡಿಗಳನ್ನು ಬಿಡುವುದು. ತಿಂಗಳಿಗೊಮ್ಮೆ ಬಿಸಿಲ ಬೆಳಕಿನಲ್ಲಿ ಬಾಯಿ ತೆರೆದು ನೋಡಿಸಿಕೊಳ್ಳುವುದು. ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಒಡೆದ ದನಿ, ರಕ್ತ ಬೆರೆತ ಕೆಮ್ಮು, ಹೆಂಗಸರಾದರೆ ಸ್ತನದ ಗಂಟು, ಇವನ್ನು ‘ಆ ರೋಗದ್ದೇ’ ಎಂದುಕೊಳ್ಳದೆ ವೈದ್ಯರ ಮುಂದೆ ಬೇರೆಯಾಗಿ ಹೇಳುವುದು. ಭಯಪಟ್ಟು ಬಾಳಬೇಕಾಗಿಲ್ಲ. ಒಳ್ಳೆಯ ಕಾವಲುಗಾರನು ರಾತ್ರಿಯೆಲ್ಲ ನಡುಗುತ್ತ ಕೂರುವುದಿಲ್ಲ; ಆಗೀಗ ಎದ್ದು, ಲಾಟೀನು ಹಿಡಿದು, ನಾಲ್ಕೂ ಬದುಗಳ ಮೇಲೆ ಒಂದು ಸುತ್ತು ಬರುತ್ತಾನೆ.