ಫಂಗಸ್ ಲೋಕದ ಸಸ್ಪೆನ್ಸ್ ಅಕೌಂಟ್: ಡ್ಯೂಟೆರೋಮೈಕೋಟಾ ಅನ್ನೋ ಗುಂಪು ಯಾಕೆ ರದ್ದಾಯ್ತು?

ಇವತ್ತಿನ ಎಪಿಸೋಡ್ ಒಂದು ಹಳೇ ಹೆಸರಿನ ಬಗ್ಗೆ: ಡ್ಯೂಟೆರೋಮೈಕೋಟಾ. ಪಿಯುಸಿಯಲ್ಲಿ ಸೈನ್ಸ್ ತಗೊಂಡಿದ್ದವರಿಗೆ ಇದು ಡ್ಯೂಟೆರೋಮೈಸಿಟೀಸ್ ಅಂತ ನೆನಪಿರಬಹುದು. ಬಯಾಲಜಿ ಪುಸ್ತಕದಲ್ಲಿ ಶಿಲೀಂಧ್ರಗಳ ನಾಲ್ಕು ಗುಂಪುಗಳಲ್ಲಿ ಕೊನೆಯದು ಇದೇ. ಅಪೂರ್ಣ ಶಿಲೀಂಧ್ರಗಳು ಅಂತಲೂ ಕರೀತಾರೆ. ವಿಷಯ ಏನಪ್ಪಾ ಅಂದ್ರೆ, ಇಂಥದ್ದೊಂದು ಗುಂಪು ಇದೆ ಅಂತ ವಿಜ್ಞಾನಿಗಳು ಈಗ ಒಪ್ಪಲ್ಲ. ಇದು ಬರೀ ಹೆಸರಿನ ಜಗಳ ಅಲ್ಲ. ಆಸ್ಪತ್ರೆಯಲ್ಲಿ ಕೊಡೋ ಔಷಧಿ ಕೆಲಸ ಮಾಡುತ್ತಾ ಇಲ್ವಾ ಅನ್ನೋ ತನಕ ಹೋಗುತ್ತೆ.

ಮೊದಲು ಬೇಸಿಕ್ಸ್. ಮೂಲೆಯಲ್ಲಿ ಮರೆತುಹೋದ ನಿಂಬೆಹಣ್ಣಿನ ಮೇಲೆ ಹಸಿರು ಬೂಷ್ಟು ನೋಡಿರ್ತೀರಿ. ಮುಟ್ಟಿದ್ರೆ ಪುಡಿ ಹಾರುತ್ತೆ. ಆ ಪುಡಿಯ ಒಂದೊಂದು ಕಣವೂ ಒಂದು ಬೀಜಕ, ಹೆಸರು ಕೊನಿಡಿಯಾ. ಗಂಡು-ಹೆಣ್ಣಿನಂಥ ಎರಡು ಬಗೆ ಸೇರೋ ಅಗತ್ಯವೇ ಇಲ್ಲದೆ ಹುಟ್ಟಿದ್ದು. ಅಂದ್ರೆ ಮೂಲ ಫಂಗಸ್‌ನ ಜೆರಾಕ್ಸ್ ಕಾಪಿ. ಇದು ಅಲೈಂಗಿಕ ವಿಧಾನ. ಇನ್ನೊಂದು ವಿಧಾನದಲ್ಲಿ ಎರಡು ಬೇರೆ ಎಳೆಗಳು ಕೂಡಿ, ಇಸ್ಪೀಟ್ ಎಲೆ ಕಲಸಿದ ಹಾಗೆ ಜೀನ್‌ಗಳು ಕಲೆತು, ಹೊಸ ಬಗೆಯ ಮರಿ ಹುಟ್ಟುತ್ತೆ. ಅದು ಲೈಂಗಿಕ ವಿಧಾನ.

19ನೇ ಶತಮಾನದಲ್ಲಿ ಫಂಗಸ್‌ಗಳನ್ನ ವಿಂಗಡಿಸಿದವರು ಈ ಎರಡನೇ ವಿಧಾನವನ್ನೇ ನೋಡ್ತಿದ್ರು. ಲೈಂಗಿಕ ಬೀಜಕಗಳು ಚೀಲದೊಳಗೆ ಹುಟ್ಟಿದ್ರೆ ಒಂದು ಗುಂಪು, ಗದೆಯಂಥ ಕಾಂಡದ ಮೇಲೆ ಹುಟ್ಟಿದ್ರೆ ಇನ್ನೊಂದು. ಆದ್ರೆ ಸಾವಿರಾರು ಫಂಗಸ್‌ಗಳಲ್ಲಿ ಆ ಹಂತ ಯಾರ ಕಣ್ಣಿಗೂ ಬೀಳಲಿಲ್ಲ. ಹಾಗಾದ್ರೆ ಎಲ್ಲಿಗೆ ಹಾಕೋದು? ಅವಕ್ಕೆಲ್ಲ ಸೇರಿ ಒಂದು ಪ್ರತ್ಯೇಕ ಬುಟ್ಟಿ ಮಾಡಿದ್ರು. ಗ್ರೀಕ್ ಭಾಷೆಯಲ್ಲಿ ಡ್ಯೂಟೆರೋಸ್ ಅಂದ್ರೆ ಎರಡನೆಯದು. ಒಂಥರಾ ಸೆಕೆಂಡ್ ಲಿಸ್ಟ್.

ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಇದು ಸಸ್ಪೆನ್ಸ್ ಅಕೌಂಟ್ ಥರ ಕಾಣುತ್ತೆ. ಬ್ಯಾಂಕಿಗೆ ದುಡ್ಡು ಬಂದಿದೆ, ಯಾರು ಹಾಕಿದ್ದು ಅಂತ ಗೊತ್ತಿಲ್ಲ. ಆಗ ಆ ಎಂಟ್ರಿಯನ್ನ ತಾತ್ಕಾಲಿಕವಾಗಿ ಸಸ್ಪೆನ್ಸ್‌ಗೆ ಹಾಕ್ತೀವಿ. ಅಲ್ಲಿರೋ ಹತ್ತು ಎಂಟ್ರಿಗಳಿಗೆ ಒಂದಕ್ಕೊಂದು ಸಂಬಂಧ ಇರಬೇಕು ಅಂತೇನಿಲ್ಲ. ಅವುಗಳಲ್ಲಿ ಸಮಾನವಾಗಿರೋದು ಒಂದೇ: ನಮಗೆ ವಿವರ ಗೊತ್ತಿಲ್ಲ. ಡ್ಯೂಟೆರೋಮೈಕೋಟಾ ಕೂಡ ಹಾಗೇ. ಅದು ಒಂದು ವಂಶ ಆಗಿರಲಿಲ್ಲ, ನಮಗೆ ಗೊತ್ತಿಲ್ಲದ್ದರ ಪಟ್ಟಿ ಆಗಿತ್ತು.

ಒಬ್ಬನಿಗೆ ಎರಡು ಪ್ಯಾನ್ ಕಾರ್ಡ್

ಗೊಂದಲ ಅಲ್ಲಿಗೇ ಮುಗೀಲಿಲ್ಲ. ಒಂದೇ ಫಂಗಸ್‌ನ ಅಲೈಂಗಿಕ ರೂಪ ಮತ್ತು ಲೈಂಗಿಕ ರೂಪ ನೋಡೋಕೆ ಪೂರ್ತಿ ಬೇರೆ ಬೇರೆ. ಹಾಗಾಗಿ ಎರಡಕ್ಕೂ ಬೇರೆ ಹೆಸರಿಡೋಕೆ ನಾಮಕರಣದ ನಿಯಮವೇ ಅವಕಾಶ ಕೊಟ್ಟಿತ್ತು. ನಮ್ಮ ರೈತರಿಗೆ ಟ್ರೈಕೋಡರ್ಮಾ ಗೊತ್ತು. ಬೇರು ಕೊಳೆ ರೋಗ ಬರದೇ ಇರಲಿ ಅಂತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹಾಕ್ತಾರಲ್ಲ, ಅದೇ. ಅದು ಸಸ್ಪೆನ್ಸ್ ಪಟ್ಟಿಯಲ್ಲಿದ್ದ ಹೆಸರು. ಅದರ ಲೈಂಗಿಕ ರೂಪಕ್ಕೆ ಇದ್ದ ಹೆಸರು ಹೈಪೋಕ್ರಿಯಾ. ಒಂದೇ ಜೀವಿ, ಎರಡು ಪ್ಯಾನ್ ಕಾರ್ಡ್!

1990ರ ದಶಕದಲ್ಲಿ ಡಿಎನ್‌ಎ ಓದೋದು ಸುಲಭ ಆದ ಮೇಲೆ ಲೆಕ್ಕ ಬಗೆಹರಿಯೋಕೆ ಶುರುವಾಯ್ತು. ಲೈಂಗಿಕ ಹಂತ ಕಾಣದಿದ್ರೂ ಪರವಾಗಿಲ್ಲ, ಡಿಎನ್‌ಎ ನೋಡಿದ್ರೆ ಯಾರ ಮನೆಯವರು ಅಂತ ಗೊತ್ತಾಗುತ್ತೆ. ಸಸ್ಪೆನ್ಸ್‌ನಲ್ಲಿದ್ದ ಬಹುಪಾಲು ಫಂಗಸ್‌ಗಳು ಚೀಲದ ಗುಂಪಿಗೆ, ಅಂದ್ರೆ ಆಸ್ಕೋಮೈಕೋಟಾಗೆ ಸೇರಿದವು. ಒಂದಷ್ಟು ಬೇರೆ ಕಡೆ ಹೋದವು. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಎರಡು ಹೆಸರಿನ ಪದ್ಧತಿ ತೆಗೆದುಹಾಕಿತು. 2013ರ ಜನವರಿ 1ರಿಂದ ಒಂದು ಫಂಗಸ್‌ಗೆ ಒಂದೇ ಹೆಸರು. ನಮ್ಮ ಟ್ರೈಕೋಡರ್ಮಾ ಉಳೀತು, ಹೈಪೋಕ್ರಿಯಾ ಹೋಯ್ತು.

ಕಾಣದ್ದೆಲ್ಲ ಇಲ್ಲ ಅಂತಲ್ಲ

ಈಗ ಆಸ್ಪತ್ರೆ ವಿಷಯಕ್ಕೆ ಬರೋಣ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅಂತ ಒಂದು ಫಂಗಸ್ ಇದೆ. ಮಣ್ಣು, ಗೊಬ್ಬರದ ಗುಂಡಿ, ಗಾಳಿ, ಎಲ್ಲಾ ಕಡೆ ಇರುತ್ತೆ. ಇದರ ಬೀಜಕಗಳನ್ನ ನಾವೆಲ್ಲ ದಿನಾ ಉಸಿರಾಡ್ತೀವಿ. ಆರೋಗ್ಯವಂತರಿಗೆ ಏನೂ ಆಗಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಒಟ್ಟಿನಲ್ಲಿ ರೋಗನಿರೋಧಕ ಶಕ್ತಿ ಕುಸಿದವರಿಗೆ ಮಾತ್ರ ಶ್ವಾಸಕೋಶದಲ್ಲಿ ಬೆಳೆದು ಜೀವಕ್ಕೇ ಕುತ್ತು ತರಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಫಂಗಸ್‌ಗಳ ಪಟ್ಟಿಯಲ್ಲಿ ಇದು ಅತಿ ಗಂಭೀರ ವರ್ಗದಲ್ಲಿದೆ.

1863ರಲ್ಲಿ ಹೆಸರು ಸಿಕ್ಕ ಈ ಫಂಗಸ್‌ಗೆ ಲೈಂಗಿಕ ಜೀವನವೇ ಇಲ್ಲ ಅಂತ ನೂರಕ್ಕೂ ಹೆಚ್ಚು ವರ್ಷ ನಂಬಿದ್ರು. 2005ರ ಹೊತ್ತಿಗೆ ಅದರ ಪೂರ್ತಿ ಜೀನೋಮ್ ಓದಿದಾಗ ಕೂಡುವಿಕೆಗೆ ಬೇಕಾದ ಜೀನ್‌ಗಳು ಸಿಕ್ಕವು. ಬಳಸದೇ ಇದ್ರೆ ಅವು ಯಾಕೆ ಹಾಳಾಗದೆ ಹಾಗೇ ಇರಬೇಕು? 2009ರಲ್ಲಿ ಐರ್ಲೆಂಡ್ ಮತ್ತು ಇಂಗ್ಲೆಂಡ್‌ನ ಸಂಶೋಧಕರು ಉತ್ತರ ಕೊಟ್ಟರು. ಡಬ್ಲಿನ್‌ನಲ್ಲಿ ಸಿಕ್ಕಿದ್ದ ಎರಡು ಬಗೆಯ ತಳಿಗಳನ್ನ ಓಟ್ಸ್ ಹಾಕಿದ ತಟ್ಟೆಯಲ್ಲಿ ಜೋಡಿ ಮಾಡಿ, 30 ಡಿಗ್ರಿ ಶಾಖದಲ್ಲಿ, ಕತ್ತಲಲ್ಲಿ, ಆರು ತಿಂಗಳು ಇಟ್ಟರು. ಅವು ಕೂಡಿದವು. ಸರಿಯಾದ ಜೋಡಿ, ಸರಿಯಾದ ಜಾಗ, ಸಾಕಷ್ಟು ಸಮಯ ಕೊಡೋ ತನಕ ನಮಗೆ ಕಂಡಿರಲಿಲ್ಲ, ಅಷ್ಟೇ.

ಇದರಿಂದ ಏನಾಯ್ತು? ಈ ಕಾಯಿಲೆಗೆ ಮುಖ್ಯ ಔಷಧಿ ಅಜೋಲ್ ಗುಂಪಿನದು. ಅದೇ ಗುಂಪಿನ ರಾಸಾಯನಿಕಗಳನ್ನ ಬೆಳೆಗಳಿಗೂ ಸಿಂಪಡಿಸ್ತಾರೆ. ಹಾಗಾಗಿ ಔಷಧಿಗೆ ಬಗ್ಗದ ತಳಿಗಳು ಹೊಲ, ತೋಟಗಳಲ್ಲೇ ತಯಾರಾಗ್ತವೆ. ಭಾರತದಲ್ಲಿ ಸಿಕ್ಕ ಇಂಥ ತಳಿಗಳ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಬಂತು. ಅವೆಲ್ಲ ಒಂದೇ ತಳಿಯ ಜೆರಾಕ್ಸ್ ಅಂತ ಅದರಲ್ಲಿ ಗೊತ್ತಾಯ್ತು. ಕಾಪಿ ಆಗಿ ಹರಡೋದೇ ಸಾಕಷ್ಟು ತಲೆನೋವು. ಇನ್ನು ಕೂಡುವಿಕೆಯೂ ನಡೆದ್ರೆ, ಒಂದು ತಳಿಯಲ್ಲಿರೋ ಔಷಧಿ ತಡೆಯೋ ಗುಣ, ಇನ್ನೊಂದರಲ್ಲಿರೋ ಬೇರೆ ಗುಣ, ಎರಡೂ ಒಂದೇ ಮರಿಯಲ್ಲಿ ಸೇರಬಹುದು. ಇದಕ್ಕೆ ಲೈಂಗಿಕ ಹಂತ ಇಲ್ಲ ಅಂತಲೇ ಕೂತಿದ್ರೆ ಆ ಕಡೆ ಯಾರೂ ನೋಡ್ತಾನೇ ಇರಲಿಲ್ಲ.

ಒಳ್ಳೇ ಸುದ್ದಿಯೂ ಇದೆ. ಪೆನಿಸಿಲಿನ್ ಕೊಡೋ ಫಂಗಸ್ ಕೂಡ ಇದೇ ಸಸ್ಪೆನ್ಸ್ ಪಟ್ಟಿಯಲ್ಲಿತ್ತು. ಅದನ್ನೂ ಲ್ಯಾಬ್‌ನಲ್ಲಿ ಕೂಡಿಸಬಹುದು ಅಂತ 2013ರಲ್ಲಿ ಜರ್ಮನಿಯ ಸಂಶೋಧಕರ ನೇತೃತ್ವದ ತಂಡ ತೋರಿಸ್ತು. ಅಂದ್ರೆ ಭತ್ತ, ರಾಗಿಯಲ್ಲಿ ಕ್ರಾಸ್ ಮಾಡಿ ಒಳ್ಳೇ ತಳಿ ತೆಗೆಯೋ ಹಾಗೆ, ಔಷಧಿ ಫಂಗಸ್‌ನಲ್ಲೂ ತೆಗೆಯೋ ದಾರಿ ತೆರೀತು.

ಲೈಂಗಿಕ ಹಂತ ಇವತ್ತಿಗೂ ಕಾಣದ ಫಂಗಸ್‌ಗಳು ಬೇಕಾದಷ್ಟಿವೆ. ಕೆಲವಕ್ಕೆ ನಿಜವಾಗ್ಲೂ ಇಲ್ಲದೇ ಇರಬಹುದು. ಆದ್ರೆ ಕಾಣಲಿಲ್ಲ ಅನ್ನೋದನ್ನೇ ಒಂದು ಜಾತಿ ಮಾಡಿ ಕೂರಿಸೋದು ನಿಂತಿದೆ.

ಅಂದಹಾಗೆ, ಪರೀಕ್ಷೆಗೆ ಓದ್ತಿರೋ ತಮ್ಮ ತಂಗಿಯರೇ, ಪ್ರಶ್ನೆ ಬಂದ್ರೆ ಪುಸ್ತಕದಲ್ಲಿರೋದನ್ನೇ ಬರೀರಿ, ಮಾರ್ಕ್ಸ್ ಬೇಕಲ್ವಾ! ಅರ್ಥ ಮಾತ್ರ ಹೀಗೆ ಇಟ್ಕೊಳಿ. ಸೈನ್ಸ್ ಓದೋ ಫ್ರೆಂಡ್ ಇದ್ರೆ ಈ ಎಪಿಸೋಡ್ ವಾಟ್ಸಾಪ್ ಮಾಡಿ. ಮತ್ತೆ ಸಿಗೋಣ.