ರೆಪಾಸಿಟರಿ ಮೆಟಾಡೇಟಾ ಬಿಲ್ಡ್‌ನ ಯಾವ ಹಂತದಲ್ಲಿ ಹುಟ್ಟಬೇಕು: ತಪ್ಪು ಕಲ್ಪನೆ ಮತ್ತು ಸತ್ಯ

ಜಾವಾದಲ್ಲಿ ಬಿಡಿ ಮಾಡ್ಯೂಲ್‌ಗಳಾಗಿ ಬರೆದ ತಂತ್ರಾಂಶ ಬಳಸುವವರ ಯಂತ್ರವನ್ನು ತಲುಪುವುದು ರೆಪಾಸಿಟರಿಯ ಮೂಲಕ. ಅಲ್ಲಿ ಜಾರ್ ಫೈಲ್‌ಗಳ ಜೊತೆಗೆ ಅವುಗಳ ವಿವರ ಹೊತ್ತ ಮೆಟಾಡೇಟಾ ಇರುತ್ತದೆ: ಇದು ಯಾವ ಮಾಡ್ಯೂಲ್, ಯಾವ ಆವೃತ್ತಿ, ಏನನ್ನು ಒದಗಿಸುತ್ತದೆ, ಓಡಲು ಏನು ಬೇಕು. ಎಕ್ಲಿಪ್ಸ್ ಎಂಬ ತಂತ್ರಾಂಶ ವೇದಿಕೆಯಲ್ಲಿ ಈ ಹೊಣೆ 2008ರ ಗ್ಯಾನಿಮೀಡ್ (3.4) ಬಿಡುಗಡೆಯಿಂದ ಪಿ2 ಎಂಬ ವ್ಯವಸ್ಥೆಯದು. ಅದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಕೆಲಸ ಕೆಡಿಸುವಷ್ಟು ತಪ್ಪಾಗಿವೆ.

ಜಾರ್ ಫೈಲನ್ನು ರೆಪಾಸಿಟರಿಯ ಪ್ಲಗಿನ್ಸ್ ಫೋಲ್ಡರಿಗೆ ನಕಲಿಸಿದರೆ ಸಾಕು ಎಂಬುದು ಮೊದಲನೆಯದು. ಪಿ2 ಫೋಲ್ಡರನ್ನು ತಡಕಾಡುವುದೇ ಇಲ್ಲ. ಕಂಟೆಂಟ್.ಎಕ್ಸ್ಎಂಎಲ್ ಮತ್ತು ಆರ್ಟಿಫ್ಯಾಕ್ಟ್ಸ್.ಎಕ್ಸ್ಎಂಎಲ್ ಎಂಬ ಎರಡು ಫೈಲ್‌ಗಳನ್ನು, ಅಥವಾ ಅವುಗಳ ಕುಗ್ಗಿಸಿದ ರೂಪಗಳನ್ನು, ಓದುತ್ತದೆ. ಮೊದಲನೆಯದರಲ್ಲಿ ಅವಲಂಬನೆಗಳ ವಿವರ, ಎರಡನೆಯದರಲ್ಲಿ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು, ಅದರ ಚೆಕ್‌ಸಮ್ ಏನು ಎಂಬ ವಿವರ. ಇವೆರಡರಲ್ಲಿ ನಮೂದಾಗದ ಜಾರ್ ಫೋಲ್ಡರಿನಲ್ಲಿದ್ದರೂ ಪಿ2 ಲೆಕ್ಕದಲ್ಲಿ ಇಲ್ಲದ್ದೇ.

ಇದಕ್ಕೆ ಸಿಗುವ ಮರುಮಾತು: ಜಾರ್ ಒಳಗೆ ಮ್ಯಾನಿಫೆಸ್ಟ್ ಇದ್ದೇ ಇದೆಯಲ್ಲ, ಅದನ್ನೇ ಇನ್ನೊಮ್ಮೆ ಏಕೆ ಬರೆಯಬೇಕು? 2004ರ 3.0 ಆವೃತ್ತಿಯಲ್ಲಿ ಎಕ್ಲಿಪ್ಸ್ ಓಎಸ್‌ಜಿಐ ಎಂಬ ಮಾಡ್ಯೂಲ್ ವ್ಯವಸ್ಥೆಯ ಆಧಾರದ ಮೇಲೆ ನಿಂತಾಗಿನಿಂದ ಬಂಡಲ್‌ನ, ಅಂದರೆ ಮಾಡ್ಯೂಲ್‌ನ, ಹೆಸರು, ಆವೃತ್ತಿ, ಆಮದು ಮತ್ತು ರಫ್ತಿನ ಪ್ಯಾಕೇಜ್‌ಗಳು ಮ್ಯಾನಿಫೆಸ್ಟ್‌ನಲ್ಲಿರುವುದು ನಿಜ. ಆದರೆ ಅದನ್ನು ಓದಲು ಮೊದಲು ಜಾರ್ ಇಳಿಸಿಕೊಳ್ಳಬೇಕು. ಸಾವಿರಾರು ಬಂಡಲ್‌ಗಳ ನಡುವೆ ಯಾವುವು ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ಪಿ2 ಸ್ಯಾಟ್4ಜೆ ಎಂಬ ತರ್ಕ ಪರಿಹಾರಕದ ನೆರವಿನಿಂದ, ಒಂದು ಜಾರ್ ಕೂಡ ಇಳಿಸಿಕೊಳ್ಳುವ ಮೊದಲೇ ತೀರ್ಮಾನಿಸುತ್ತದೆ. ಹಾಗಾಗಿ ವಿವರ ಜಾರ್‌ನಿಂದ ಹೊರಗೆ ಬರಲೇಬೇಕು. ಫೀಚರ್‌ಗಳ ಗುಂಪು, ವರ್ಗ, ಪಿ2.ಐಎನ್‌ಎಫ್ ಫೈಲ್‌ನಲ್ಲಿ ಬರೆದ ಅಳವಡಿಕೆಯ ಸೂಚನೆ ಇಂಥವು ಬಂಡಲ್‌ನ ಮ್ಯಾನಿಫೆಸ್ಟ್‌ನಲ್ಲಿ ಇರುವುದೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ನಂಬಿಕೆ ಹೊತ್ತಿಗೆ ಸಂಬಂಧಿಸಿದ್ದು: ಮೆಟಾಡೇಟಾ ಯಾವಾಗ ಬರೆದರೂ ನಡೆಯುತ್ತದೆ, ಬಿಲ್ಡ್‌ನಲ್ಲಿ ಹಂತಗಳ ಕ್ರಮ ಮುಖ್ಯವಲ್ಲ ಎಂಬುದು. ಆರ್ಟಿಫ್ಯಾಕ್ಟ್ಸ್ ಫೈಲ್‌ನಲ್ಲಿ ಜಾರ್‌ನ ಗಾತ್ರ ಮತ್ತು ಚೆಕ್‌ಸಮ್ ಇವೆ. ಜಾರ್‌ಗೆ ಡಿಜಿಟಲ್ ಸಹಿ ಹಾಕಿದರೆ ಅದರೊಳಗೆ ಹೊಸ ಫೈಲ್‌ಗಳು ಸೇರುತ್ತವೆ, ಬೈಟ್‌ಗಳು ಬದಲಾಗುತ್ತವೆ. ಮೆಟಾಡೇಟಾ ಮೊದಲು, ಸಹಿ ಆಮೇಲೆ ಎಂದಾದರೆ ದಾಖಲೆಯಲ್ಲಿರುವ ಚೆಕ್‌ಸಮ್ ಈಗಿನ ಜಾರ್‌ನದಲ್ಲ, ಇಳಿಸಿಕೊಳ್ಳುವಾಗ ಪಿ2 ಅದನ್ನು ತಿರಸ್ಕರಿಸುತ್ತದೆ. ಚೀಲ ಹೊಲಿಯುವ ಮುನ್ನವೇ ತೂಕದ ಚೀಟಿ ಬರೆದಿಟ್ಟು, ಆಮೇಲೆ ಇನ್ನಷ್ಟು ಕಾಳು ಸುರಿದಂತೆ ಇದು. ಮೂಲ ಕೋಡ್ ಹೊತ್ತ ಸೋರ್ಸ್ ಬಂಡಲ್‌ನದೂ ಇದೇ ಪಾಡು. ಅದು ತಯಾರಾಗುವ ಮುಂಚೆ ಮೆಟಾಡೇಟಾ ಬರೆಯುವ ಹಂತ ಮುಗಿದುಹೋದರೆ, ಸೋರ್ಸ್ ಜಾರ್ ಕಟ್ಟಲ್ಪಟ್ಟರೂ ರೆಪಾಸಿಟರಿಗೆ ಅದರ ಸುಳಿವಿರುವುದಿಲ್ಲ. ಇಲ್ಲಿ ಬಿಲ್ಡ್ ಯಾವ ದೋಷವನ್ನೂ ತೋರಿಸದೆ ಮುಗಿಯಬಹುದು, ಅದೇ ಹೆಚ್ಚಿನ ಅಪಾಯ.

ಆದ್ದರಿಂದಲೇ ಮೇವನ್ ಎಂಬ ಬಿಲ್ಡ್ ಸಾಧನಕ್ಕಾಗಿ ರೂಪುಗೊಂಡ ಟೈಕೊ ಎಂಬ ಪ್ಲಗಿನ್‌ಗಳ ಸಮೂಹ ಪ್ರತಿ ಮಾಡ್ಯೂಲ್‌ನ ಪ್ಯಾಕೇಜ್ ಹಂತದಲ್ಲಿ ಆ ಮಾಡ್ಯೂಲ್‌ನ ಪಿ2 ಮೆಟಾಡೇಟಾವನ್ನು ತಯಾರಿಸುತ್ತದೆ. ಅದೇ ಬಿಲ್ಡ್‌ನ ಮುಂದಿನ ಮಾಡ್ಯೂಲ್‌ಗಳು ಅದನ್ನು ಓದಿ ತಮ್ಮ ಅವಲಂಬನೆ ಬಗೆಹರಿಸಿಕೊಳ್ಳುತ್ತವೆ. ಕೊನೆಯಲ್ಲಿ ರೆಪಾಸಿಟರಿಯ ಮಾಡ್ಯೂಲ್ ಎಲ್ಲವನ್ನೂ ಒಟ್ಟುಗೂಡಿಸುತ್ತದೆ. ಜಾರ್ ಬದಲಿಸುವ ಅಥವಾ ಸೇರಿಸುವ ಪ್ಲಗಿನ್ ಯಾವುದೇ ಇರಲಿ, ಅದು ಮೆಟಾಡೇಟಾದ ಹಂತಕ್ಕಿಂತ ಮೊದಲು ಓಡುವಂತೆ ಪೋಮ್ ಎಂಬ ಮೇವನ್ ಸಂರಚನಾ ಫೈಲ್‌ನಲ್ಲಿ ಜೋಡಿಸುವುದು ತಂಡದ ಜವಾಬ್ದಾರಿ.

ಮೇವನ್‌ನ ಮೇವನ್-ಮೆಟಾಡೇಟಾ.ಎಕ್ಸ್ಎಂಎಲ್ ಇದೇ ಕೆಲಸ ಮಾಡುತ್ತದೆಂಬ ಭಾವನೆ ಸರಿಯಲ್ಲ. ಅದರ ಮುಖ್ಯ ಕೆಲಸ ಯಾವ ಆವೃತ್ತಿಗಳು ಲಭ್ಯ ಎಂದು ಹೇಳುವುದು, ಅವಲಂಬನೆಗಳು ಪೋಮ್‌ನಲ್ಲಿರುತ್ತವೆ. 2017ರ ಜಾವಾ 9 ತಂದ ಮಾಡ್ಯೂಲ್-ಇನ್ಫೋ ಕೂಡ ಪರ್ಯಾಯವಲ್ಲ: ಬೇಕಾದ ಮಾಡ್ಯೂಲ್‌ನ ಹೆಸರನ್ನು ಅದು ಕೇಳುತ್ತದೆ, ಯಾವ ಆವೃತ್ತಿಯ ವ್ಯಾಪ್ತಿ ಬೇಕೆಂದು ಕೇಳಲು ಅದರಲ್ಲಿ ಜಾಗವಿಲ್ಲ.

ಆವೃತ್ತಿಯ ಕೊನೆಯ ಅಂಕಿಗಳ ಬಗ್ಗೆಯೂ ಗೊಂದಲವಿದೆ. ಕ್ವಾಲಿಫೈಯರ್ ಎಂಬ ಜಾಗದಲ್ಲಿ ಟೈಕೊ ಸಾಮಾನ್ಯವಾಗಿ ಬಿಲ್ಡ್‌ನ ದಿನಾಂಕ ಮತ್ತು ವೇಳೆಯನ್ನು ತುಂಬುತ್ತದೆ, ಅದೂ ಯುಟಿಸಿ ಲೆಕ್ಕದಲ್ಲಿ. ನಾಗಪುರದಲ್ಲಿ ಮಧ್ಯಾಹ್ನ 3 ಗಂಟೆಗೆ ಕಟ್ಟಿದ ಬಂಡಲ್‌ನ ಕೊನೆಯಲ್ಲಿ 0930 ಇದ್ದರೆ ಸರ್ವರ್ ಗಡಿಯಾರ ಕೆಟ್ಟಿದೆ ಎಂದಲ್ಲ; ಭಾರತದ ವೇಳೆ ಐದೂವರೆ ಗಂಟೆ ಮುಂದಿದೆ, ಅಷ್ಟೇ. ಅಂಕಿ ದೊಡ್ಡದಾದರೆ ಒಳಗಿನ ಕೋಡ್ ಬದಲಾಗಿದೆ ಎಂದೂ ತಿಳಿಯಬೇಕಿಲ್ಲ. ಒಂದು ಸಾಲನ್ನೂ ಮುಟ್ಟದೆ ಮತ್ತೆ ಬಿಲ್ಡ್ ಮಾಡಿದರೂ ಹೊಸ ಅಂಕಿ ಬರುತ್ತದೆ, ಬಳಸುವವರು ಅದೇ ಬಂಡಲನ್ನು ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಗಿಟ್‌ನ ಕೊನೆಯ ಕಮಿಟ್ ವೇಳೆಯಿಂದ ಕ್ವಾಲಿಫೈಯರ್ ಪಡೆಯುವಂತೆ ಟೈಕೊವನ್ನು ಹೊಂದಿಸಬಹುದು. ಹಿಂದಿನ ಬಿಡುಗಡೆಯೊಂದಿಗೆ ಹೋಲಿಸಿ, ಒಂದೇ ಆವೃತ್ತಿಗೆ ಎರಡು ಬೇರೆ ಜಾರ್ ಹೊರಬೀಳದಂತೆ ತಡೆಯುವ ಸೌಲಭ್ಯವೂ ಇದೆ. ಇವೆರಡನ್ನೂ ಮೊದಲ ದಿನದಿಂದಲೇ ಬಳಸುವುದು ಒಳ್ಳೆಯದು.

ರೆಪಾಸಿಟರಿಯನ್ನು ಬೇರೆ ಸರ್ವರ್‌ಗೆ ಸಾಗಿಸಿದರೆ ಮೆಟಾಡೇಟಾವನ್ನು ಹೊಸದಾಗಿ ಬರೆಯಬೇಕೆಂಬುದು ಅನಗತ್ಯ ಭಯ. ಆರ್ಟಿಫ್ಯಾಕ್ಟ್ಸ್ ಫೈಲ್ ಜಾರ್‌ಗಳ ವಿಳಾಸವನ್ನು ರೆಪಾಸಿಟರಿಯ ವಿಳಾಸಕ್ಕೆ ಸಾಪೇಕ್ಷವಾದ ನಿಯಮಗಳಲ್ಲಿ ಹೇಳುತ್ತದೆ. ನಾಗಪುರದಲ್ಲಿ ಕಟ್ಟಿದ ರೆಪಾಸಿಟರಿಯನ್ನು ಇಂಟರ್‌ನೆಟ್ ಇಲ್ಲದ ಹುಬ್ಬಳ್ಳಿಯ ಕಚೇರಿಯೊಂದರ ಒಳಜಾಲಕ್ಕೆ ಇಡಿಯಾಗಿ ನಕಲಿಸಿದರೂ, ಬೇಕಾದ ಅವಲಂಬನೆಗಳೆಲ್ಲ ಅದರಲ್ಲೇ ಇದ್ದರೆ, ಅದು ಹಾಗೇ ಕೆಲಸ ಮಾಡುತ್ತದೆ. ಮಿರರ್‌ಗಳ ಪಟ್ಟಿಗೆ ಪೂರ್ಣ ವಿಳಾಸ ಕೊಟ್ಟಿದ್ದರೆ ಮಾತ್ರ ಆ ಒಂದು ಸಾಲನ್ನು ತೆಗೆಯಬೇಕು.