ರೇಷ್ಮೆ ಹುಳು ಮನೆಯಲ್ಲಿ ಸಾಕಬಹುದು, ಮೊಟ್ಟೆ ಮಾಡಬಾರದೇಕೆ?

ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸುವುದು ಒಂದು ವಾರ ತಡವಾದರೆ ಬುಟ್ಟಿಯಲ್ಲಿದ್ದ ಗೂಡುಗಳು ತೂತು ಬಿದ್ದು ಬಿಳಿ ಚಿಟ್ಟೆಗಳು ಹೊರಬರುತ್ತವೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ, ಅದು ನಷ್ಟ. ಆದರೆ ಕಾಗದದ ಮೇಲೆ ಬಿಟ್ಟರೆ ಒಂದೊಂದು ಹೆಣ್ಣು ಚಿಟ್ಟೆ 400ರಿಂದ 500 ಮೊಟ್ಟೆ ಇಡುತ್ತದೆ. ಇಷ್ಟು ಮೊಟ್ಟೆ ಮನೆಯಲ್ಲೇ ಸಿಗುವಾಗ ದುಡ್ಡು ಕೊಟ್ಟು ತರುವುದೇಕೆ ಎಂದು ಮಡಕಶಿರಾ, ಹೊಸೂರು, ತಾಳವಾಡಿ ಕಡೆ ಹೊಸದಾಗಿ ಹಿಪ್ಪುನೇರಳೆ ಹಾಕಿದವರು ಕೇಳಿದರೆ ಆಶ್ಚರ್ಯವಿಲ್ಲ. ಕೋಳಿ, ಕುರಿ, ರಾಗಿ ಬಿತ್ತನೆ ಎಲ್ಲವನ್ನೂ ಮನೆಯಲ್ಲೇ ಉಳಿಸಿಕೊಂಡು ಬಂದವರಲ್ಲವೇ!

ತೊಂದರೆ ಇರುವುದು ತಾಯಿ ಚಿಟ್ಟೆಯ ಹೊಟ್ಟೆಯಲ್ಲಿ. ಗಂಟು ರೋಗ ಅಥವಾ ಪೆಬ್ರಿನ್ ಎಂಬ ಕಾಯಿಲೆ ತಾಯಿಯಿಂದ ಮೊಟ್ಟೆಯೊಳಗೇ ಮರಿಗೆ ಬರುತ್ತದೆ. ಅಂಥ ಮೊಟ್ಟೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಡೆದ ಮೇಲೆ ರೋಗದ ಹುಳುವಿನ ಹಿಕ್ಕೆ ಸೊಪ್ಪಿಗೆ ತಾಗಿ, ಆ ಸೊಪ್ಪು ತಿಂದ ಪಕ್ಕದ ಹುಳುವಿಗೂ ಅಂಟುತ್ತದೆ. ಇದಕ್ಕೆ ಔಷಧಿಯಿಲ್ಲ.

ಫ್ರಾನ್ಸಿನಲ್ಲಿ 1850ರ ದಶಕದಿಂದ ಇದೇ ರೋಗ ರೇಷ್ಮೆ ಬೆಳೆಗಾರರನ್ನು ಬೀದಿಗೆ ತಂದಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅವರನ್ನು ಅಲೆಸ್ ಎಂಬ ಊರಿಗೆ ಕಳುಹಿಸಲಾಯಿತು. ಅದುವರೆಗೆ ಅವರು ರೇಷ್ಮೆ ಹುಳುವನ್ನು ಮುಟ್ಟಿದವರೇ ಅಲ್ಲ. ಅವರು ಜಾರಿಗೆ ತಂದ ಉಪಾಯ ಸರಳ: ಪ್ರತಿ ಹೆಣ್ಣು ಚಿಟ್ಟೆಯನ್ನು ಬೇರೆಬೇರೆಯಾಗಿ ಮೊಟ್ಟೆ ಇಡಲು ಬಿಡುವುದು, ಆಮೇಲೆ ಆ ಚಿಟ್ಟೆಯನ್ನು ಅರೆದು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೊಟ್ಟೆಯಾಕಾರದ ಹೊಳೆಯುವ ಕಣಗಳು ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುವುದು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ವದ ಮೇಲೆ. ‘ರೋಗರಹಿತ ಮೊಟ್ಟೆ’ ಎಂಬ ಹೆಸರು ಬಂದದ್ದೂ ಹೀಗೆ. ರೈತರು 100 ಮೊಟ್ಟೆ ತಂದೆವು ಎನ್ನುವಾಗ ಅದು 100 ತಾಯಿ ಚಿಟ್ಟೆಗಳ ಮೊಟ್ಟೆಯ ಲೆಕ್ಕ.

ಇನ್ನೊಂದು ಕಾರಣ ತಳಿ. ಹಳದಿ ಗೂಡಿನ ಮಿಶ್ರತಳಿ ಎಂದರೆ ಮೈಸೂರು ತಳಿಯ ಹೆಣ್ಣಿಗೂ ಬಿಳಿ ಗೂಡಿನ ದ್ವಿತಳಿ ಗಂಡಿಗೂ ಹುಟ್ಟಿದ್ದು. ಅದರ ಬಲ ಮೊದಲ ಪೀಳಿಗೆಯಲ್ಲಿ ಮಾತ್ರ. ಹೈಬ್ರಿಡ್ ಜೋಳದ ಕಾಳನ್ನೇ ಮತ್ತೆ ಬಿತ್ತಿದಂತೆ, ಮುಂದಿನ ಪೀಳಿಗೆಯ ಹುಳು ಒಂದು ಸಣ್ಣ ಒಂದು ದಪ್ಪ, ಗೂಡಿನ ಬಣ್ಣವೂ ಒಂದೇ ಆಗಿರುವುದಿಲ್ಲ. ದ್ವಿತಳಿಯ ಮೊಟ್ಟೆಯಂತೂ ಆಮ್ಲದ ಉಪಚಾರ ಕೊಡದಿದ್ದರೆ ತಿಂಗಳುಗಟ್ಟಲೆ ಒಡೆಯದೆ ಮಲಗಿಬಿಡಬಹುದು.

ಮೊಟ್ಟೆ ತಯಾರಿಸುವವರು, ಚಾಕಿ ಸಾಕುವವರು ನೋಂದಣಿ ಮಾಡಿಸಬೇಕೆಂದು 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ ತಿದ್ದುಪಡಿಯಾಯಿತು. ಗಡಿಯ ಯಾವ ಕಡೆಯಿಂದ ತಂದರೂ ನಿಯಮ ಒಂದೇ. ತರುವಾಗ ತಳಿ, ಲಾಟ್ ಸಂಖ್ಯೆ, ಒಡೆಯುವ ದಿನ ಬರೆದ ರಸೀದಿ ಕೇಳಿ ಪಡೆಯಬೇಕು. ಎರಡನೇ ಜ್ವರ ಮುಗಿದ ಚಾಕಿ ಹುಳು ತರುವವರಿಗೂ ಇದೇ ಮಾತು.

ಮೊಟ್ಟೆ ಒಳ್ಳೆಯದಾದರೆ ಸಾಲದು, ಮನೆಯೂ ಚೊಕ್ಕಟವಿರಬೇಕು. ಹಿಂದಿನ ಬೆಳೆಯ ರೋಗಾಣು ತಟ್ಟೆ, ಚಂದ್ರಿಕೆ, ನೆಲದ ಬಿರುಕುಗಳಲ್ಲಿ ಉಳಿದಿರುತ್ತದೆ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಅರಳಿದ ಸುಣ್ಣ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ತಿಳಿಯನ್ನು ಗೋಡೆ, ಸೂರು, ಸಾಮಾನು ಎಲ್ಲ ತೋಯುವಂತೆ ಸಿಂಪಡಿಸಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಒಂದೇ ದಿನ ಒಡೆದ ಹುಳುಗಳಲ್ಲಿ ಕೆಲವು ಹಿಂದುಳಿದರೆ, ಜ್ವರಕ್ಕೆ ಕೂತವು ಒಟ್ಟಿಗೆ ಏಳದಿದ್ದರೆ, ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಕಂಡರೆ ತಡಮಾಡದೆ ನಾಲ್ಕಾರು ಹುಳುಗಳನ್ನು ಹತ್ತಿರದ ರೇಷ್ಮೆ ಇಲಾಖೆ ಕಚೇರಿಗೆ ಒಯ್ದು ಪರೀಕ್ಷೆ ಮಾಡಿಸಬೇಕು. ಗಂಟು ರೋಗ ಖಚಿತವಾದರೆ ಹೊಟ್ಟೆ ಉರಿದರೂ ಇಡೀ ಬೆಳೆಯನ್ನು ಹಾಸಿಗೆ ಸಮೇತ ಸುಡಬೇಕು. ತಿಪ್ಪೆಗೆ ಹಾಕಿದರೆ ಅದೇ ಗೊಬ್ಬರವಾಗಿ ಹಿಪ್ಪುನೇರಳೆ ತೋಟಕ್ಕೆ ಹೋಗಿ, ಸೊಪ್ಪಿನ ಜೊತೆ ಮತ್ತೆ ಹುಳು ಮನೆಗೆ ಬರುತ್ತದೆ.